ಪೊಳ್ಳೋ ಗಟ್ಟಿಯೋ

ನನ್ನ ಮಾವ ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುವುದು ಗೋಡೆಯನ್ನು. ಬಾಗಿಲು ತೆರೆದ ಯಜಮಾನರು "ಬನ್ನಿ ಬನ್ನಿ" ಎಂದು ಕೈಜೋಡಿಸಿ ನಿಂತಿದ್ದರೂ ಮಾವನ ಬಲಗೈಯ ನಡುಬೆರಳು ತಾನಾಗಿ ಮಡಚಿಕೊಂಡು, ಅದರ ಗೆಣ್ಣು ಹತ್ತಿರದ ಗೋಡೆಯ ಮೇಲೆ ಮೂರು ಸಲ ಟಕ್ ಟಕ್ ಟಕ್ ಎಂದು ಬಡಿದು, ಕತ್ತು ತುಸು ವಾಲಿ, ಕಣ್ಣು ಅರೆಮುಚ್ಚಿ, ಒಳಗಿನಿಂದ ಉತ್ತರ ಬಂದ ಮೇಲೆಯೇ ಅವರ ಬಾಯಿಂದ ನಮಸ್ಕಾರ ಹೊರಡುತ್ತಿತ್ತು. ಗೋಡೆ ಕೊಡುವ ಉತ್ತರ ಎರಡೇ ಬಗೆಯದು: ಗಟ್ಟಿ, ಇಲ್ಲವೆ ಪೊಳ್ಳು. ಗಟ್ಟಿಯಿದ್ದರೆ ನಮಸ್ಕಾರದ ಜೊತೆಗೊಂದು ಮುಗುಳ್ನಗೆ; ಪೊಳ್ಳಿದ್ದರೆ, ಆ ಮನೆಯಲ್ಲಿ ಯಾರಿಗೋ ಮೈಯಲ್ಲಿ ಹುಷಾರಿಲ್ಲವೆಂದು ಕೇಳಿ ಬಂದವರಂಥ ಸಣ್ಣ ಮುಖ.

ಊರಿನಲ್ಲಿ ಅವರಿಗೆ ಟಕ್‌ಟಕ್ ಮೇಸ್ತ್ರಿ ಎಂದೇ ಹೆಸರು. ಅವರು ಮನೆ ಕಟ್ಟುವ ಮೇಸ್ತ್ರಿಯಲ್ಲ, ಬಣ್ಣ ಬಳಿಯುವವರೂ ಅಲ್ಲ. ಈ ಎರಡು ಕಸುಬುಗಳ ನಡುವಿನ ಸಂದಿಯಲ್ಲಿ ಅವರ ಅನ್ನವಿದೆ. ಹಳೆಯ ಮನೆಗಳ ಒಳಗೋಡೆಯ ಬಿರುಕು, ಮೊಳೆ ಕಿತ್ತ ಗುಂಡಿ, ಸೀಲಿಂಗಿನಿಂದ ಉದುರಿದ ಗಾರೆ, ಇವನ್ನೆಲ್ಲ ಬಿಳಿಯ ಪುಡಿಯನ್ನು ನೀರಿನಲ್ಲಿ ಕಲಸಿ ತುಂಬಿ, ಉಜ್ಜಿ, ಇಲ್ಲಿ ಹಿಂದೊಮ್ಮೆ ಏನೋ ಆಗಿತ್ತು ಎಂಬ ನೆನಪೇ ಉಳಿಯದಂತೆ ಮಾಡುವುದು ಅವರ ವಿದ್ಯೆ. ಆ ಪುಡಿಗೆ ಎಲ್ಲರೂ ಪುಟ್ಟಿ ಎನ್ನುತ್ತಾರೆ. ಅಂಗಡಿಯಲ್ಲಿ ಹತ್ತಾರು ಬಗೆಯ ಪುಟ್ಟಿ ಚೀಲಗಳು ಒಂದರ ಮೇಲೊಂದು ಕೂತಿರುತ್ತವೆ. ನನ್ನಂಥವನ ಕಣ್ಣಿಗೆ ಎಲ್ಲವೂ ಒಂದೇ ಹಿಟ್ಟು. ಮಾವನಿಗೆ ಮಾತ್ರ ಅವು ಒಂದು ತುಂಬು ಕುಟುಂಬದ ಸದಸ್ಯರು, ಒಬ್ಬೊಬ್ಬರದು ಒಂದೊಂದು ಸ್ವಭಾವ.

ನಲವತ್ತು ವರ್ಷ ಏಣಿಯ ಮೇಲೆ ಕೈಯೆತ್ತಿ ದುಡಿದುದರ ಗುರುತಾಗಿ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲಿದೆ. ದೂರದಿಂದ ನೋಡಿದರೆ ಯಾವುದೋ ವಿಷಯಕ್ಕೆ "ನನಗೇನು ಗೊತ್ತು" ಎಂದು ಭುಜ ಹಾರಿಸಿದವರು ಅದನ್ನು ಇಳಿಸಲು ಮರೆತುಬಿಟ್ಟಂತೆ ಕಾಣುತ್ತದೆ. ಬೀದಿಯಲ್ಲಿ ನಡುವೆ ನಡೆಯುವ ಅಭ್ಯಾಸವಿಲ್ಲ. ಗೋಡೆಗಳ ಪಕ್ಕಕ್ಕೇ, ಬೆರಳ ತುದಿಯಿಂದ ಅವನ್ನು ಸವರುತ್ತ, ಸಾಲಾಗಿ ಮಲಗಿದ ರೋಗಿಗಳ ನಡುವೆ ಹಾದುಹೋಗುವ ಹಿರಿಯ ವೈದ್ಯರ ಗಾಂಭೀರ್ಯದಲ್ಲಿ ಸಾಗುತ್ತಾರೆ. ಮೈಮೇಲೆ ಸದಾ ಒಂದು ಕೋಟು. ಯಾವ ಕಾಲದಲ್ಲೋ ಒಬ್ಬ ವಕೀಲರು ತಮ್ಮ ಮನೆಯ ಪಡಸಾಲೆ ಸರಿಮಾಡಿಸಿಕೊಂಡ ಸಂತೋಷಕ್ಕೆ ಕೊಟ್ಟ ಕರಿಕೋಟು ಅದು. ಈಗ ಅದರ ಬಣ್ಣ ಕಪ್ಪೆಂದು ನಂಬಬೇಕಾದರೆ ವಕೀಲರೇ ಬಂದು ವಾದಿಸಬೇಕು. ಅದಕ್ಕೆ ಒಳಗೂ ಹೊರಗೂ ಸೇರಿ ಎಂಟು ಜೇಬು, ಒಂದನ್ನು ಬಿಟ್ಟು ಪ್ರತಿ ಜೇಬಿನಲ್ಲೂ ಕಾಗದದಲ್ಲಿ ಮಡಿಸಿದ ಒಂದೊಂದು ಮಾದರಿ ಪುಡಿ.

ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆ ಗಂಡನ ಮೇಲಿನ ಪ್ರೀತಿಯಿಂದ ಜೇಬು ನೋಡದೆಯೇ ಕೋಟನ್ನು ಬಕೆಟ್ಟಿನಲ್ಲಿ ನೆನೆಹಾಕಿದರಂತೆ. ಮರುದಿನ ಹಗ್ಗದಿಂದ ತೆಗೆದರೆ ಕೋಟು ಮಡಚಲೂ ಬಾರದೆ ನೆಟ್ಟಗೆ ನಿಂತುಕೊಂಡಿತು. ಅತ್ತೆ ಅಳುವುದೊಂದು ಬಾಕಿ. ಮಾವ ಬೈಯಲಿಲ್ಲ, ಕಲ್ಲಾದ ಎಡಜೇಬನ್ನು ಗೆಣ್ಣಿನಿಂದ ಬಡಿದು, ಕತ್ತು ವಾಲಿಸಿ ಕೇಳಿ, "ಬಟ್ಟೆಗೇ ಹೀಗೆ ಹಿಡಿದಿದೆ ಅಂದ್ರೆ ಗೋಡೆಗೆ ಹೇಗೆ ಹಿಡೀಬಹುದು ಕಣೇ!" ಎಂದು ಆನಂದಪಟ್ಟು, ಅದೇ ಪುಡಿಯ ಎರಡು ಚೀಲ ತಂದರು. ಆ ಎಡಜೇಬು ಇವತ್ತಿಗೂ ಕಲ್ಲೇ. ಅತ್ತೆ ಮಾತ್ರ ಅಂದಿನಿಂದ ಆ ಕೋಟಿನ ತಂಟೆಗೆ ಹೋಗಿಲ್ಲ.

ಪುಡಿಗಳಿಗೆ ಅವರು ಇಟ್ಟ ಹೆಸರುಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಜಿಪ್ಸಮ್ಮಿನಿಂದ ಮಾಡಿದ ಪುಡಿ ಅವರ ಬಾಯಲ್ಲಿ 'ಕೋಪಿಷ್ಠ'. ನೀರು ಸೋಕಿದ ಅರ್ಧ ಗಂಟೆಯಲ್ಲಿ ಬಿಗಿದುಕೊಂಡುಬಿಡುತ್ತಾನೆ, ಆಮೇಲೆ ಕಾಲು ಹಿಡಿದರೂ ಕರಗುವುದಿಲ್ಲ. ಆದರೆ ಎಂಥ ಆಳದ ಗುಂಡಿಯನ್ನಾದರೂ ಕುಗ್ಗದೆ ತುಂಬುವ ದೊಡ್ಡ ಮನಸ್ಸು ಅವನದು. ಒದ್ದೆ ಗೋಡೆಯನ್ನು ಮಾತ್ರ ಅವನು ಸಹಿಸಲಾರ. ಬಿಳಿ ಸಿಮೆಂಟಿನ ಪುಡಿ 'ಹಟಮಾರಿ'. ತೇವಕ್ಕೆ ಜಗ್ಗುವುದಿಲ್ಲ, ಹಾಗೆಯೇ ಉಪ್ಪುಕಾಗದಕ್ಕೂ ಜಗ್ಗುವುದಿಲ್ಲ, ಉಜ್ಜಿ ಉಜ್ಜಿ ಕೈ ಸೋಲಬೇಕು. ಮೇಲ್ಮೈಗೆ ತೆಳುವಾಗಿ ಎಳೆಯುವ ನಯವಾದ ಪುಡಿ 'ನಾಜೂಕಮ್ಮ'. ಅವಳನ್ನು ರೇಷ್ಮೆಯಂತೆ ಹೊದಿಸಬೇಕೇ ಹೊರತು ಭಾರ ಹೊರಿಸಬಾರದು, ದಪ್ಪ ಮೆತ್ತಿದರೆ ಒಣಗುತ್ತ ಒಣಗುತ್ತ ಸೀಳಿಬಿಡುತ್ತಾಳೆ. "ಪುಡೀಲಿ ಕೆಟ್ಟದ್ದು ಅನ್ನೋದು ಇಲ್ಲ ಅಳಿಯಂದ್ರೇ," ಎಂದು ಅವರು ನನಗೆ ಎಷ್ಟೋ ಸಲ ಉಪದೇಶಿಸಿದ್ದಾರೆ, "ಜಾಗ ತಪ್ಪಿ ಕೂರಿಸಿದ್ದು ಅನ್ನೋದು ಇದೆ." ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು, ಪದಗಳ ವಿಷಯದಲ್ಲಿಯೂ ಇದಕ್ಕಿಂತ ದೊಡ್ಡ ಸತ್ಯವನ್ನು ನನಗೆ ಯಾರೂ ಹೇಳಿಲ್ಲ.

ಅವರು ಪುಡಿ ಆರಿಸುವ ಬಗೆಯನ್ನು ನೋಡಬೇಕಾದರೆ ಅಂಗಡಿಯವನಷ್ಟು ತಾಳ್ಮೆ ಬೇಕು. ಚೀಲದ ಮೇಲಿನ ತಾರೀಖು ಓದಿ, ಚಿಟಿಕೆ ಪುಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಅದರಲ್ಲಿ ತರಿಯಿದೆಯೋ ಎಂದು ಆಲಿಸುತ್ತಾರೆ. ಆಮೇಲೆ ಕೋಟಿನಿಂದ ಒಂದು ಪುಟ್ಟ ಬಟ್ಟಲು ಹೊರಬರುತ್ತದೆ. ಮೊದಲು ನೀರು, ನೀರಿನ ಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿಯುವವರನ್ನು ಕಂಡರೆ ಅವರಿಗೆ ನೆಂಟಸ್ತನವೇ ಬೇಡವೆನಿಸುತ್ತದೆ. ಕಲಸಿದ್ದನ್ನು ಒಂದು ಹೆಂಚಿನ ಚೂರಿನ ಮೇಲೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳುವಾಗಿ ಸವರಿ, ಅಂಗಡಿಯ ಸ್ಟೂಲಿನ ಮೇಲೆ ಕೂತು ಅದು ಬಿಗಿಯುವುದನ್ನೇ ನೋಡುತ್ತಾರೆ. ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ. ಕೊನೆಗೆ ಉಗುರಿನಿಂದ ಒತ್ತಿ, "ನಾಳೆ ಬಂದು ಹೇಳ್ತೀನಿ" ಎಂದು ಎದ್ದುಬಿಡುತ್ತಾರೆ. ಅಂಗಡಿಯವನು ಒಮ್ಮೆ ಕೈಮುಗಿದು ಕೇಳಿಯೇಬಿಟ್ಟ: "ಮೇಸ್ತ್ರಿಗಳೇ, ನೀವು ಪುಡಿ ಕೊಂಡ್ಕೊಳ್ಳೋಕೆ ಬಂದಿದೀರೋ, ದತ್ತು ತಗೊಳ್ಳೋಕೆ ಬಂದಿದೀರೋ?"

ಈ ಪುಟ್ಟಿ ಎಂಬ ಪದ ನನ್ನ ಮದುವೆಯನ್ನೇ ತಪ್ಪಿಸುವುದರಲ್ಲಿತ್ತು. ನನ್ನ ಹೆಂಡತಿಗೆ ದಾಖಲೆಗಳಲ್ಲಿ ಒಂದು ಉದ್ದನೆಯ ಹೆಸರಿದ್ದರೂ ಮನೆಯಲ್ಲಿ ಅವಳು ಒಬ್ಬಳೇ ಮಗಳು, ಹಾಗಾಗಿ ಪುಟ್ಟಿ. ಮದುವೆಯ ಮಾತೆತ್ತಲು ನಾನು ಮೊದಲ ಬಾರಿ ಅವರ ಮನೆಗೆ ಹೋಗಿ, ಹೊಸ ಅಂಗಿಯ ಗಂಜಿಗೆ ಕತ್ತು ತಿರುಗಿಸಲಾರದೆ ಹೊರಕೋಣೆಯಲ್ಲಿ ಕೂತಿದ್ದೆ. ಒಳಗೆ ಮಾವ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದರು. "ಪುಟ್ಟಿ ಸರಿಯಿಲ್ಲ ಕಣಯ್ಯಾ. ನೋಡೋಕೇನೋ ಬೆಳ್ಳಗೆ, ನುಣ್ಣಗೆ ಇದೆ, ಒಪ್ಕೋತೀನಿ. ಒಳಗೆಲ್ಲ ಗಂಟು! ಒಂದು ವಾರ ಇಟ್ಕೊಂಡು ನೋಡು, ಬಿರುಕು ಬಿಡದೇ ಇದ್ರೆ ನನ್ನ ಹೆಸರು ಬದಲಾಯಿಸು. ಇವತ್ತೇ ಬಂದು ವಾಪಸ್ ತಗೊಂಡು ಹೋಗು. ಆದ್ರೆ ಒಂದು ಮಾತು, ಏನೂ ತಿಳೀದ ಯಾರೋ ಪಾಪದೋನ ತಲೆಗೆ ಮಾತ್ರ ಕಟ್ಟಬೇಡ." ಆ ಏನೂ ತಿಳಿಯದ ಪಾಪದವನು ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು ಬಾಗಿಲ ಕಡೆ ನೋಡತೊಡಗಿದ್ದ. ಅಷ್ಟರಲ್ಲಿ ಹೊರಬಂದ ಪುಟ್ಟಿ ನನ್ನ ಮುಖ ನೋಡಿದವಳೇ ಸಂಗತಿ ಅರ್ಥವಾಗಿ, ನಕ್ಕೂ ನಕ್ಕೂ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಆ ನಗುವಿಗೆ ನಾನು ಒಪ್ಪಿದೆ. ನಮ್ಮಿಬ್ಬರ ಮಧ್ಯೆ ಜಗಳವಾದಾಗ ಒಳಗೆಲ್ಲ ಗಂಟು ಎಂಬ ಮಾತನ್ನು ನಾನು ಇಂದಿಗೂ ಬಳಸುವುದುಂಟು.

ಇಂಥ ಮಾವನಿಗೆ ಕಳೆದ ವರ್ಷದಿಂದ ಕಿವಿ ಮಂದವಾಗತೊಡಗಿತು. ಅವರ ಜೊತೆ ಒಂದೇ ಮನೆಯಲ್ಲಿರುವ ನಮಗೆ ಅದು ತಿಳಿಯಿತು, ತಿಳಿಯದಂತೆ ಇದ್ದೆವು. ಅವರಿಗಂತೂ ನಮಗಿಂತ ಮೊದಲೇ ತಿಳಿದಿತ್ತು, ಅವರೂ ತಿಳಿಯದಂತೆ ಇದ್ದರು. ಮನೆಯಲ್ಲಿ ಯಾರು ಏನು ಕೇಳಿದರೂ ಉತ್ತರ ಒಂದೇ, "ಹೂಂ". ಒಂದು ದಿನ ಪುಟ್ಟಿ ಧೈರ್ಯ ಮಾಡಿ, "ಅಪ್ಪಾ, ಒಂದು ಸಲ ಕಿವಿ ತೋರಿಸ್ಕೊಂಡು ಬರೋಣ್ವಾ?" ಎಂದರೆ, "ಹೂಂ, ನಾಳೆ ತರ್ತೀನಿ" ಎಂದರು. ಮರುದಿನ ನಿಜಕ್ಕೂ ಏನೋ ತರಬೇಕಿತ್ತಲ್ಲ ಎಂದುಕೊಂಡು ಅರ್ಧ ಡಜನ್ ನಿಂಬೆಹಣ್ಣು ತಂದರು. ನಾವು ನಕ್ಕೆವು. ಗೋಡೆಯ ಮಾತು ಕೇಳಿಯೇ ಬದುಕಿದ ಮನುಷ್ಯನಿಗೆ ಗೋಡೆ ಮೂಕವಾಗುತ್ತಿದೆ ಎಂಬುದು ನಗುವ ವಿಷಯವಲ್ಲವೆಂದು ನಮಗೆ ಹೊಳೆಯುವುದಕ್ಕೆ ಇನ್ನೂ ಕೆಲವು ತಿಂಗಳು ಬೇಕಾಯಿತು.

ಅದೇ ಸಮಯದಲ್ಲಿ ಅವರ ಕೆಲಸದಲ್ಲಿ ಒಂದು ಹೊಸ ಮರ್ಯಾದೆ ಸೇರಿಕೊಂಡಿತ್ತು. ಏಣಿ ಹತ್ತಿ ಸೀಲಿಂಗಿಗೆ ಬಡಿದ ಮೇಲೆ, ಕೆಳಗೆ ನಿಂತ ಮನೆಯವರನ್ನು "ನಿಮಗೆ ಹೇಗೆ ಕೇಳ್ಸುತ್ತೆ? ಪೊಳ್ಳೋ, ಗಟ್ಟಿಯೋ?" ಎಂದು ವಿನಯದಿಂದ ವಿಚಾರಿಸುವರು. ಜನಕ್ಕೆ ಹೆಮ್ಮೆಯೋ ಹೆಮ್ಮೆ: ಇಷ್ಟು ದೊಡ್ಡ ಮೇಸ್ತ್ರಿ ನಮ್ಮ ಅಭಿಪ್ರಾಯ ಕೇಳುತ್ತಾರಲ್ಲ! ವಯಸ್ಸಾದಂತೆ ಮನುಷ್ಯ ಮಾಗುತ್ತಾನೆ ಎಂದು ನಾನೂ ಅಂದುಕೊಂಡೆ. ಕಂಡವರ ಕಿವಿಯನ್ನು ಕಡ ಪಡೆದು ಕಸುಬು ನಡೆಸುತ್ತಿದ್ದಾರೆ ಎಂದು ನನಗೆ ಆಗ ಗೊತ್ತಾಗಲಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದಾರೆ; ಎಲ್ಲರ ಬಾಯಲ್ಲೂ ಹೆಡ್‌ಮೇಡಂ. ಪಿಂಚಣಿಗೆ ಬಂದ ಮೇಲೂ ಮಕ್ಕಳ ಸದ್ದಿಲ್ಲದೆ ಇರಲಾರದೆ, ತಮ್ಮ ಮನೆಯ ಹೊರಕೋಣೆಯಲ್ಲಿ ನಾಲ್ಕು ಬೆಂಚು, ಎರಡು ಕಪಾಟು ಪುಸ್ತಕ ಇಟ್ಟು ಬೀದಿಯ ಮಕ್ಕಳಿಗೆ ಓದುವ ಮನೆ ತೆರೆದಿದ್ದರು. ಸಂಜೆ ನಾಲ್ಕಕ್ಕೆ ಮಕ್ಕಳು ಬರುತ್ತಾರೆ. ಕೋಣೆಯ ಸೀಲಿಂಗಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡಿದ್ದರಿಂದ ಮಾವನಿಗೆ ಕರೆ ಹೋಯಿತು. ಅಂದು ಮನೆಗೆ ಬಂದವರು ಬಹಳ ಲವಲವಿಕೆಯಿಂದಿದ್ದರು. "ಹೆಡ್‌ಮೇಡಂ ಕಿವಿ ಅಂದ್ರೆ ಕಿವಿ! ನಾನು ಎಲ್ಲಿ ಬಡಿದು ಕೇಳಿದ್ರೂ ತಟ್ಟನೆ ಉತ್ತರ. ಸೀಲಿಂಗು ಪೂರ್ತಿ ಗಟ್ಟಿ. ಬರೀ ಮೇಲಿನ ಗೆರೆ, ನಾಜೂಕಮ್ಮ ಸಾಕು." ಗಾರೆಯ ಒಳಗೆ ಪೊಳ್ಳಿದ್ದರೆ ಅದನ್ನೆಲ್ಲ ಒಡೆದು ಕೆಡವಿ, ಕೋಪಿಷ್ಠನನ್ನು ತುಂಬಿ, ಹತ್ತು ದಿನದ ಕೆಲಸ, ಗಟ್ಟಿಯಿದ್ದರೆ ಗೆರೆಗಳನ್ನು ತುಸು ಅಗಲಿಸಿ, ತೆಳುವಾಗಿ ಎಳೆದರೆ ಎರಡೇ ದಿನ. ಎರಡೇ ದಿನದಲ್ಲಿ ಮುಗಿಸಿದರು. ಸೀಲಿಂಗು ಹಾಲಿನ ಕೆನೆಯಂತೆ ಬಂದಿತ್ತು.

ಮೂರನೆಯ ವಾರ, ಮಧ್ಯಾಹ್ನ ಮೂರೂವರೆಗೆ, ಆ ಸೀಲಿಂಗಿನಿಂದ ಊಟದ ತಟ್ಟೆಯಗಲದ ಗಾರೆ ಕಳಚಿ ನಡುವಿನ ಬೆಂಚಿನ ಮೇಲೆ ಬಿತ್ತು. ಇನ್ನು ಅರ್ಧ ಗಂಟೆಗೆ ಆ ಬೆಂಚಿನಲ್ಲಿ ಮಕ್ಕಳು ಇರುತ್ತಿದ್ದರು.

ಸುದ್ದಿ ತಿಳಿದ ಕೂಡಲೆ ಮಾವ ಓಡಿದರು, ಅವರ ಹಿಂದೆ ನಾನು. ಹೆಡ್‌ಮೇಡಂ ಮಕ್ಕಳನ್ನು ಗೇಟಿನಿಂದಲೇ ಮನೆಗೆ ಕಳಿಸುತ್ತಿದ್ದರು. ಮಾವ ಬೆಂಚಿನ ಮೇಲಿದ್ದ ಆ ಚೂರನ್ನು ಕೈಗೆತ್ತಿಕೊಂಡರು. ಅದರ ಮುಖ ಅವರದೇ ಕೈಕೆಲಸ, ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ತಿರುಗಿಸಿದರೆ ಬೆನ್ನೆಲ್ಲ ಪುಡಿಪುಡಿ ಮಣ್ಣು. ಎಷ್ಟೋ ವರ್ಷದಿಂದ ಮೇಲಿನ ಹಿಡಿತ ಬಿಟ್ಟು ನೇತಾಡುತ್ತಿದ್ದ ಗಾರೆಗೆ ಅವರು ಸುಂದರವಾದ ಮುಖವಾಡ ತೊಡಿಸಿದ್ದರು. ಆ ಚೂರನ್ನು ಕೋಟಿನ ಒಳಗೆ ಇಟ್ಟುಕೊಂಡು ಮನೆಗೆ ಬಂದು, ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿದರು. "ಇನ್ನು ಸಾಕು," ಎಂದರು, "ನನ್ನ ಕೈಯಿಂದ ಒಂದು ಮಗುವಿನ ತಲೆ ಹೋಗ್ತಿತ್ತು." ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ, ಈ ಸಲ ಕಿವಿಯ ದೋಷದಿಂದಲ್ಲ.

ನಾಲ್ಕು ದಿನ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಬಂದ ಕರೆಗಳಿಗೆಲ್ಲ ಅತ್ತೆಯೇ ಏನೇನೋ ನೆಪ ಹೇಳಿದರು. ನಮ್ಮ ಮನೆಯ ಗೋಡೆಯನ್ನು ಸಹ ಅವರು ಮುಟ್ಟಲಿಲ್ಲ. ಐದನೆಯ ದಿನ ಬೆಳಿಗ್ಗೆ ಹೆಡ್‌ಮೇಡಂ ಕೊಡೆ ಊರಿಕೊಂಡು ತಾವೇ ಬಂದರು.

"ಏನು ಮೇಸ್ತ್ರಿಗಳೇ, ಕೆಲಸ ಅರ್ಧಕ್ಕೆ ಬಿಟ್ಟು ಬಂದು ಕೂತಿದೀರಾ?"

ಮಾವ ಎದ್ದು ನಿಂತು ಕೈಮುಗಿದರು. "ಅಮ್ಮಾ, ನಾನು ಬಡಿದು ಬಡಿದು ನಿಮ್ಮನ್ನೇ ಕೇಳಿದ್ದೆ. ನೀವು ಪ್ರತಿ ಸಲ ಗಟ್ಟಿ ಅಂದ್ರಿ."

"ಅಂದೆ. ಅನ್ನದೇ ಏನು ಮಾಡ್ಲಿ? ನೀವು ಬಾಯಿಗೆ ಬಟ್ಟೆ ಕಟ್ಕೊಂಡು ಅಲ್ಲಿ ಮೇಲೆ ಏನೋ ಗೊಣಗ್ತಾ ಇದ್ರಿ. ನನಗೋ ಎಡಗಿವಿ ಹೋಗಿ ಮೂರು ವರ್ಷ ಆಯ್ತು. ಗಟ್ಟಿ ಅಂದೆ, ಗಟ್ಟಿಯಾಗಿ ಮಾತಾಡಿ ಅಂತ! ನೀವು ಇನ್ನೊಂದು ಕಡೆ ಹೋಗಿ ಮತ್ತೆ ಗೊಣಗಿದ್ರಿ. ಇನ್ನೂ ಗಟ್ಟಿ ಅಂದೆ. ಕ್ಲಾಸಲ್ಲಿ ಮೆತ್ತಗೆ ಓದೋ ಮಕ್ಕಳಿಗೆ ನಾನು ಅಷ್ಟೇ ಹೇಳ್ತಿದ್ದಿದ್ದು."

ಮೊದಲು ಅತ್ತೆಯ ಸೆರಗು ಬಾಯಿಗೆ ಹೋಯಿತು, ಆಮೇಲೆ ನಾನು ತಡೆಯಲಾರದೆ ಹೋದೆ, ಕೊನೆಗೆ ಹೆಡ್‌ಮೇಡಂ ತಾವೇ ಕೊಡೆಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕರು. ಕಿವುಡನ ಪ್ರಶ್ನೆಗೆ ಕಿವುಡಿಯ ಉತ್ತರ, ನಡುವೆ ಗಟ್ಟಿ ಎಂಬ ಎರಡಕ್ಷರ. ಜೀವಮಾನವೆಲ್ಲ ಪದಗಳನ್ನು ತಿದ್ದಿಯೂ ಒಂದು ಪದ ಒಂದು ಸೀಲಿಂಗನ್ನು ಬೀಳಿಸಬಲ್ಲದೆಂದು ನನಗೆ ತಿಳಿದಿರಲಿಲ್ಲ. ಮಾವನೂ ನಕ್ಕರು. ಆದರೆ ನಗು ಮೊದಲು ನಿಂತದ್ದು ಅವರದೇ.

"ತಪ್ಪು ನಿಮ್ಮದಲ್ಲಮ್ಮ," ಎಂದರು. "ಕೇಳೋ ಕೆಲಸ ನನ್ನದು. ನನಗೆ ಕೇಳ್ಸಲ್ಲ ಅಂತ ಹೇಳೋಕೆ ನಾಚ್ಕೆ ಆಗಿ ಅದನ್ನ ನಿಮ್ಮ ಮೇಲೆ ಹಾಕ್ದೆ. ಬೇರೆ ಯಾರನ್ನಾದ್ರೂ ಕರೆಸಿ ಸರಿಮಾಡಿಸ್ಕೊಳ್ಳಿ."

ಹೆಡ್‌ಮೇಡಂ ನಗು ಒರೆಸಿಕೊಂಡು ಕುರ್ಚಿಯಲ್ಲಿ ನೆಟ್ಟಗಾದರು. "ಮೂವತ್ತೈದು ವರ್ಷ ಮಕ್ಕಳ ತಪ್ಪು ತಿದ್ದಿಸಿದೀನಿ. ತಪ್ಪು ಮಾಡಿದವನ ಕೈಲೇ ತಿದ್ದಿಸ್ಬೇಕು, ಪಕ್ಕದ ಬೆಂಚಿನವನ ಕೈಲಲ್ಲ. ನೀವು ಬರೋವರೆಗೂ ಓದೋ ಮನೆ ಬೀಗ ತೆಗಿಯಲ್ಲ. ಮಕ್ಕಳು ಕೇಳಿದ್ರೆ ಮೇಸ್ತ್ರಿಗಳು ಕೋಪ ಮಾಡ್ಕೊಂಡಿದಾರೆ ಅಂತೀನಿ." ಹೀಗೆಂದು ಕಾಫಿಯನ್ನೂ ಮುಟ್ಟದೆ ಎದ್ದು ಹೋದರು.

ಆ ಸಂಜೆ ಕಚೇರಿಯಿಂದ ಬಂದ ಮಗಳನ್ನು ಮಾವ ಬಾಗಿಲಲ್ಲೇ ನಿಲ್ಲಿಸಿಕೊಂಡರು. "ಪುಟ್ಟಿ, ನಾಳೆ ರಜ ಹಾಕ್ತೀಯಾ? ನನಗೆ ಗೋಡೆ ಕೇಳ್ಸಲ್ಲ ಕಣಮ್ಮ. ನಿನ್ನ ಕಿವಿ ಬೇಕು." ಒಂದು ವರ್ಷದಿಂದ ಅವರ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಪುಟ್ಟಿ "ಹೂಂ" ಎಂದಷ್ಟೇ ಹೇಳಿ, ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡಿದ್ದಳು. ನನಗೂ ಕಣ್ಣು ಮಂಜಾಯಿತು, ಮುಚ್ಚಿಡುವುದೇನು.

ಮರುದಿನ ಮಾವ ಏಣಿಯ ಮೇಲೆ, ಮಗಳು ಕೆಳಗೆ ಕಣ್ಣು ಮುಚ್ಚಿ. ಗೋಡೆ ಬಡಿಯುವ ಸದ್ದಿನ ನಡುವೆಯೇ ಬೆಳೆದವಳಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. "ಪೊಳ್ಳು ಅಪ್ಪ." ಟಕ್ ಟಕ್. "ಪೊಳ್ಳು." ಟಕ್ ಟಕ್. "ಇದು ಪರವಾಗಿಲ್ಲ... ಇಲ್ಲ, ಇದೂ ಪೊಳ್ಳು." ಮಾವ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಗಲ್ಲಕ್ಕಿಳಿಸಿ, ಅವಳ ಒಂದೊಂದು ಮಾತನ್ನೂ ಮತ್ತೊಮ್ಮೆ ತಾವು ಕೂಗಿ ಹೇಳಿ, ಅವಳು ತಲೆಯಾಡಿಸಿದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದರು. ಮಧ್ಯಾಹ್ನಕ್ಕೆ ನೋಡಿದರೆ ಸೀಲಿಂಗಿನ ಮುಕ್ಕಾಲು ಭಾಗ ಗೆರೆಯ ಒಳಗಿತ್ತು. ತಮ್ಮ ಆ ಹಾಲಿನ ಕೆನೆಯ ಕೆಲಸವನ್ನು ಅವರು ತಾವೇ ಉಳಿಯಿಟ್ಟು ಕೆಡವಿದರು.

ಆಮೇಲೆ ಪುಡಿಯ ಆಯ್ಕೆ. ಆಳದ ಗುಂಡಿಗಳಿಗೆ ಕೋಪಿಷ್ಠನೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮೂಲೆಯಲ್ಲಿ ತಾರಸಿಯಿಂದ ತೇವ ಇಳಿಯುತ್ತಿತ್ತು, ಅಲ್ಲಿ ಅವನು ನಿಲ್ಲಲಾರ. ತಾರಸಿಯ ಸೀಳು ಮುಚ್ಚಿಸಿ, ಮೂಲೆ ಒಣಗಲು ವಾರ ಬಿಟ್ಟು, ಅಷ್ಟಾದರೂ ನಂಬದೆ ಆ ಮೂಲೆಗೆ ಹಟಮಾರಿಯನ್ನೇ ಗೊತ್ತುಮಾಡಿದರು. ಅಂಗಡಿಯಲ್ಲಿ ಚಿಟಿಕೆ ಪುಡಿಯನ್ನು ಹಳೆಯ ರೂಢಿಯಂತೆ ಕಿವಿಯ ತನಕ ಒಯ್ದವರು ಅಲ್ಲೇ ನಿಂತು, ಒಂದು ಕ್ಷಣ ಯೋಚಿಸಿ, ಕೈಯನ್ನು ಕೆಳಗಿಳಿಸಿ ಪುಡಿಯನ್ನು ಕೆಳದುಟಿಯ ಮೇಲೆ ಸವರಿಕೊಂಡರು. ತರಿ ಇದ್ದರೆ ತುಟಿಗೆ ತಿಳಿಯುತ್ತದೆ. ಮೂರು ಚೀಲ ಬೇಡವೆಂದರು, ನಾಲ್ಕನೆಯದು ಹಿಡಿಸಿತು. ಬಿಳಿಯ ತುಟಿಯ ಮೇಸ್ತ್ರಿಯನ್ನು ನೋಡಿ ಅಂಗಡಿಯವನು, "ಇವತ್ತು ಮುತ್ತು ಕೊಟ್ಟು ಆರಿಸ್ತಿದೀರಲ್ಲ!" ಎಂದ. "ಗಟ್ಟಿಯಾಗಿ ಹೇಳಪ್ಪ, ನನಗೆ ಕಿವಿ ಕೇಳ್ಸಲ್ಲ" ಎಂದರು ಮಾವ, ಇಡೀ ಅಂಗಡಿಗೆ ಕೇಳುವಂತೆ. ಪಾಪ, ಅವನು ಅದೇ ಮಾತನ್ನು ಹತ್ತು ಗಿರಾಕಿಗಳ ಮುಂದೆ ಕೂಗಿ ಹೇಳಬೇಕಾಯಿತು.

ಸಡಿಲು ಮಣ್ಣನ್ನು ಬ್ರಷ್ಷಿನಿಂದ ಕೆರೆದು, ಧೂಳು ತೊಳೆದು, ಹಿಡಿತಕ್ಕೆ ಒಂದು ಕೈ ಪ್ರೈಮರ್ ಕೊಟ್ಟು, ಕೋಪಿಷ್ಠನನ್ನು ಒಂದೊಂದು ಹಿಡಿಯಷ್ಟೇ ಕಲಸಿ, ಪ್ರತಿ ಸಲ ಬಟ್ಟಲು ತಿಕ್ಕಿ ತೊಳೆದು, ಪದರದ ಮೇಲೆ ಪದರ ಕೂರಿಸುತ್ತ ಹದಿನಾರು ದಿನ ಕೆಲಸ ನಡೆಯಿತು. ಕೊನೆಗೆ ನಾಜೂಕಮ್ಮ ಬಂದು ಎಲ್ಲವನ್ನೂ ಮುಚ್ಚಿದಳು. ಈ ನಡುವೆ ಮಾವ ವೈದ್ಯರಲ್ಲಿಗೂ ಹೋಗಿ ಕಿವಿಗೊಂದು ಯಂತ್ರ ಹಾಕಿಸಿಕೊಂಡು ಬಂದರು. ಅದನ್ನು ಹಾಕಿಕೊಂಡ ಮೊದಲ ದಿನವೇ, ನಮ್ಮ ಮನೆಯಲ್ಲಿ ಇಷ್ಟೊಂದು ಮಾತು ನಡೆಯುತ್ತದೆ ಎಂದು ಗೊತ್ತಿದ್ದರೆ ಇನ್ನೂ ಮುಂಚೆಯೇ ಕಿವುಡಾಗುತ್ತಿದ್ದೆ ಎಂದು ಹೇಳಿ ಅತ್ತೆಯಿಂದ ಬೈಸಿಕೊಂಡರು.

ಕೆಲಸ ಮುಗಿದರೂ ಮಾವ ಮಕ್ಕಳನ್ನು ಒಳಗೆ ಬಿಡಗೊಡಲಿಲ್ಲ. "ಮೊದಲು ನಾನು ಕೂತ್ಕೋತೀನಿ" ಎಂದು, ಆ ನಡುವಿನ ಬೆಂಚಿನ ಮೇಲೆ, ಗಾರೆ ಬಿದ್ದಿದ್ದ ಜಾಗದಲ್ಲಿಯೇ, ಬೆಳಗಿನಿಂದ ಸಂಜೆಯ ತನಕ ಮೂರು ದಿನ ಕೂತರು. ಬುತ್ತಿಯೂ ಅಲ್ಲೇ, ಮಧ್ಯಾಹ್ನದ ತೂಕಡಿಕೆಯೂ ಅಲ್ಲೇ. ಹೆಡ್‌ಮೇಡಂ ಬೇಸರ ಕಳೆಯಲಿ ಎಂದು ಕೊಟ್ಟ ಮಕ್ಕಳ ಕತೆಯ ಪುಸ್ತಕವೊಂದನ್ನು ಬೆರಳಿಟ್ಟು ಓದಿ, ಅದರ ನರಿ ಏಕೆ ಹಾಗೆ ಮಾಡಿತೆಂದು ನನ್ನನ್ನು ವಿಚಾರಿಸಿದರು. ನಾಲ್ಕನೆಯ ದಿನ ಓದುವ ಮನೆಯ ಬೀಗ ತೆರೆಯಿತು. ಮಕ್ಕಳು ನುಗ್ಗಿ ಬಂದವು. ಬೆಂಚಿಗಾಗಿ ತಳ್ಳಾಡಿದವು, ಪುಸ್ತಕಕ್ಕಾಗಿ ಕಿತ್ತಾಡಿದವು, ಆಮೇಲೆ ಒಂದೊಂದೇ ತಲೆ ಬಾಗಿ ಪುಟಗಳ ಒಳಗೆ ಇಳಿದುಹೋಯಿತು. ಮೂಲೆಯ ಸ್ಟೂಲಿನ ಮೇಲೆ ಉಸಿರು ಹಿಡಿದು ಕೂತಿದ್ದ ಮಾವ ಒಂದು ಗಂಟೆ ಆ ತಲೆಗಳನ್ನೇ ನೋಡಿದರು. ಹೊರಗೆ ಬಂದವರು ನನ್ನ ತೋಳು ಹಿಡಿದುಕೊಂಡರು. "ನೋಡಿದ್ರಾ ಅಳಿಯಂದ್ರೇ," ಎಂದರು, "ಒಬ್ಬರೂ ಮೇಲೆ ನೋಡ್ಲಿಲ್ಲ!"

ಜಗತ್ತಿನಲ್ಲಿ ಹೆಚ್ಚಿನವರು ತಮ್ಮ ಕೆಲಸ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಆಶಿಸುವವರು; ಅದರಲ್ಲಿ ತಪ್ಪೇನೂ ಇಲ್ಲ, ನಾನೂ ಆ ಜಾತಿಯವನೇ. ಆದರೆ ಬಿರುಕು ಮುಚ್ಚುವವರು, ಸೋರಿಕೆ ನಿಲ್ಲಿಸುವವರು, ತಂತಿ ಬೆಸೆಯುವವರು, ಹರಿದದ್ದಕ್ಕೆ ಹೊಲಿಗೆ ಹಾಕುವವರು ಬೇರೆಯೇ ಒಂದು ಕುಲ. ಅವರ ಕೆಲಸ ಕಣ್ಣಿಗೆ ಬಿತ್ತೆಂದರೆ ಅವರು ಸೋತರೆಂದೇ ಅರ್ಥ. ಬಿದ್ದ ದಿನ ಊರೆಲ್ಲ ಅವರ ಹೆಸರು ಹೇಳುತ್ತದೆ. ನಿಂತ ಸಾವಿರ ದಿನಗಳಲ್ಲಿ ಯಾರೂ ಹೇಳುವುದಿಲ್ಲ, ಮತ್ತು ಹಾಗೆ ಯಾರೂ ಹೇಳದಿರುವುದೇ ಅವರಿಗೆ ಸಲ್ಲುವ ಸನ್ಮಾನ. ನಮ್ಮ ತಲೆಯ ಮೇಲೊಂದು ಸೂರಿದೆ ಎಂಬುದನ್ನು ಮರೆತು ನಾವು ನೆಮ್ಮದಿಯಿಂದ ಒಂದು ಪುಟ ತಿರುವಿದೆವೆಂದರೆ, ಎಲ್ಲೋ ಒಬ್ಬ ಮೇಸ್ತ್ರಿಯ ಎದೆ ತುಂಬಿತೆಂದು ತಿಳಿಯಬೇಕು. ನಾನೋ, ಇಷ್ಟುದ್ದ ಬರೆದು ನನ್ನ ಮಾವನ ಆ ಸನ್ಮಾನವನ್ನೇ ಕೆಡಿಸಿಬಿಟ್ಟೆ. ಅವರು ಇದನ್ನು ಓದಿದರೆ ಖಂಡಿತ ಬೈಯುತ್ತಾರೆ.